ತಂಗಿಯ ಮನೆಯ ಹಿಂದಿನ ಗಾಳಿಬಾಯಿ

ಆ ಬೀದಿಯವರಿಗೆ ಸಮುದ್ರಕ್ಕಿಂತ ದಿಬ್ಬದಕ್ಕನ ಭಯವೇ ಹೆಚ್ಚು. ಸಮುದ್ರವಾದರೂ ದೊಡ್ಡ ಗಾಳಿಯ ಕಾಲದಲ್ಲಿ ಮಾತ್ರ ಮೈಮೇಲೆ ಬರುತ್ತದೆ. ದಿಬ್ಬದಕ್ಕನಿಗೆ ಕಾಲ ಅಂತೇನೂ ಇಲ್ಲ. ದಡದುದ್ದಕ್ಕೂ ಮಲಗಿರುವ ಮರಳಿನ ದಿಬ್ಬದ ಮೇಲೆ ಯಾರದಾದರೂ ಕಾಲು ಬಿತ್ತೋ, ಎಲ್ಲಿದ್ದಳೋ ಏನೋ, ಪ್ರತ್ಯಕ್ಷವಾಗಿಬಿಡುತ್ತಿದ್ದಳು. "ಏನ್ ಸ್ವಾಮಿ, ನಿಮ್ಮನೆ ಛಾವಣಿ ಮೇಲೆ ನಾನೂ ಹೀಗೇ ಓಡಾಡ್ಲಾ?" ಎಂದು ಅವಳು ಶುರು ಮಾಡಿದರೆ, ಕೇಳಿಸಿಕೊಂಡವರು ಮುಂದಿನ ಸಲ ಸಮುದ್ರ ನೋಡಲು ಬೇರೆ ಊರಿಗೆ ಹೋಗುತ್ತಿದ್ದರು.

ಹಾಗಂತ ಅವಳು ಸುಮ್ಮಸುಮ್ಮನೆ ಜಗಳಗಂಟಿಯಲ್ಲ. ಕರಾವಳಿ ಕಚೇರಿಯವರು ನೇಮಿಸಿದ ದಿಬ್ಬದ ಕಾವಲುಗಾರ್ತಿ. ಅವಳು ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ಮೊಣಕಾಲೆತ್ತರದ ಮರಳಗುಪ್ಪೆ. ಒಣಕಡ್ಡಿಗಳ ಸಾಲುಬೇಲಿ ನೆಟ್ಟು, ಗಾಳಿ ಹೊತ್ತು ತಂದ ಮರಳನ್ನು ಬೇಲಿಯ ಬುಡದಲ್ಲೇ ಉದುರಿಸಿಕೊಂಡು, ಅದರ ಮೇಲೆ ಹುಲ್ಲು ನೆಟ್ಟು, ಹುಲ್ಲು ಮುಳುಗಿದ ಹಾಗೆಲ್ಲ ಮೇಲೆ ಮತ್ತೊಂದು ಬೇಲಿ ಕಟ್ಟಿ, ಅದನ್ನು ಎರಡಾಳೆತ್ತರಕ್ಕೆ ಬೆಳೆಸಿದವಳು ಅವಳೇ. ಸಮುದ್ರ ಉಕ್ಕಿ ಬಂದಾಗ ದಿಬ್ಬದ ಬುಡ ಕಚ್ಚಿ ಒಂದಷ್ಟು ಮರಳು ಒಯ್ಯುತ್ತದೆ, ಅಲ್ಲಿಗೇ ಸುಸ್ತಾಗಿ ಹಿಂದಿರುಗುತ್ತದೆ, ತಣ್ಣಗಿರುವ ತಿಂಗಳುಗಳಲ್ಲಿ ಅದೇ ಮರಳನ್ನು ತಂದು ದಡಕ್ಕೆ ಸುರಿಯುತ್ತದೆ. "ಕೊಟ್ಟು ತಗೊಳ್ಳೋ ಪಕ್ಕದ ಮನೆಯವಳ ಹಾಗೆ ಅದು. ಕೇಳಿದ್ದು ಬಾಗಿಲಲ್ಲೇ ಸಿಕ್ಕಿದ್ರೆ ಒಳಗೆ ಬರಲ್ಲ" ಎಂದು ಅವಳು ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದಳು.

ಉಪ್ಪುಗಾಳಿಗೆ ಜಗ್ಗದ ಆ ಹುಲ್ಲು ಚಪ್ಪಲಿಗೆ ಮಾತ್ರ ಸೋಲುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ತುಳಿದರೆ ಅಲ್ಲಿ ಬೇರು ಸಾಯುತ್ತದೆ, ಮರಳು ಬತ್ತಲಾಗುತ್ತದೆ. ಗಾಳಿ ಅದನ್ನೇ ಕಾದಿದ್ದವರ ಹಾಗೆ ಬೆರಳು ಹಾಕಿ ಕೆದಕುತ್ತದೆ. ದಿಬ್ಬದ ನೆತ್ತಿಯಲ್ಲಿ ಮೊದಲು ಒಂದು ಬಟ್ಟಲಾಗಿ, ಆಮೇಲೆ ಬಾಗಿಲಾಗಿ, ಕೊನೆಗೆ ಸಮುದ್ರದ ನೀರಿಗೆ ರಾಜಮಾರ್ಗವೇ ಆಗುತ್ತದೆ. ಕೆಲಸದವರು ಅದಕ್ಕೆ ಗಾಳಿಬಾಯಿ ಎನ್ನುತ್ತಾರೆ. ಅದಕ್ಕೇ ದಡಕ್ಕೆ ಹೋಗಲು ಎಲ್ಲರಿಗೂ ಒಂದೇ ಹಲಗೆದಾರಿ, ಉಳಿದ ಕಡೆಯೆಲ್ಲ ದಿಬ್ಬದಕ್ಕ ತನ್ನ ಕೈಯಾರೆ ಬರೆದ ಫಲಕಗಳು.

ಅವಳಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಮರಳಿನ ಮೇಲಿನ ಹೆಜ್ಜೆ ನೋಡಿದರೆ ಸಾಕು, ಯಾರದೆಂದು ಹೇಳಿಬಿಡುತ್ತಿದ್ದಳು. ಬ್ರೆಡ್ಡಿನ ಅಂಗಡಿಯವನು ಬಲಗಾಲು ಎಳೆಯುತ್ತಾನೆ. ಅಂಚೆಯವನು ಹಿಮ್ಮಡಿ ಊರುವುದೇ ಇಲ್ಲ. ಶಾಲೆಯ ಮೇಷ್ಟ್ರು ನಿಂತಲ್ಲೇ ಯೋಚನೆ ಮಾಡುವುದರಿಂದ ಅವರ ಹೆಜ್ಜೆ ಉಳಿದವರದಕ್ಕಿಂತ ಆಳ. ಸಂಜೆ ಮರಳನ್ನು ಕುಂಟೆಯಿಂದ ನುಣ್ಣಗೆ ಎಳೆದಿಟ್ಟು ಬೆಳಿಗ್ಗೆ ಹೋಗಿ ಓದುವುದು ಅವಳ ಪದ್ಧತಿ. ಹಾಗೆ ಓದಿ ಎಷ್ಟೋ ಕಳ್ಳಕಾಲುಗಳನ್ನು ಹಿಡಿದು, ಅವರವರ ಮನೆ ಬಾಗಿಲಲ್ಲೇ ಮಂಗಳಾರತಿ ಮಾಡಿದ್ದಳು.

ಅವಳ ತಂಗಿಯ ಮನೆ ದಿಬ್ಬದ ಬೆನ್ನಿಗೇ ಇತ್ತು. ತಂಗಿ ಬಟ್ಟೆ ಹೊಲಿಯುವವಳು. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರೆದುರು ಕಿಟಕಿ, ಕಿಟಕಿಯ ತುಂಬ ದಿಬ್ಬ. ಅಕ್ಕನ ಹಾಗೆ ಜೋರು ಬಾಯಿಯವಳಲ್ಲ. ನಗಿಸುತ್ತಲೇ ಚುಚ್ಚುವವಳು, ಸೂಜಿಯ ಸಹವಾಸ ತಾನೆ. "ಸಮುದ್ರ ಕಾಣುತ್ತೆ ಅಂತ ಈ ಮನೆ ತಗೊಂಡ್ವಿ. ನಮ್ಮಕ್ಕ ಅದಕ್ಕೊಂದು ಪರದೆ ಕಟ್ಟಿದ್ಲು. ಈಗ ಸದ್ದು ಕೇಳುತ್ತೆ, ಮುಖ ಕಾಣಲ್ಲ. ಮುನಿಸಿಕೊಂಡ ಗಂಡ ಪಕ್ಕದ ಕೋಣೇಲಿ ಇದ್ದ ಹಾಗೆ" ಎಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವಳ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆ ದಿನ ದಿಬ್ಬದಕ್ಕ ಓಡಿ ಬಂದು ಎಲ್ಲವನ್ನೂ ಮಾಡಿದ್ದಳು. ಕುರ್ಚಿ ತರಿಸಿದಳು, ನೀರು ತುಂಬಿಸಿದಳು, ಯಾರು ಎಲ್ಲಿ ಕೂರಬೇಕೆಂದು ತೋರಿಸಿದಳು, ಜೋರಾಗಿ ಅತ್ತವರನ್ನು ಗದರಿಸಿದಳು, ಹಾಸಿಗೆ ಬಿಸಿಲಿಗೆ ಹಾಕಿದಳು, ಕತ್ತರಿಗಳನ್ನು ಕೂಡ ಸಾಣೆ ಹಿಡಿಸಿಟ್ಟಳು. ತಂಗಿಯ ಪಕ್ಕದಲ್ಲಿ ಕೂತು ಒಂದು ಮಾತು ಕೇಳುವುದು ಮಾತ್ರ ಅವಳಿಂದ ಆಗಲಿಲ್ಲ. ಕೇಳಿದರೆ ತಂಗಿ ಅಳುತ್ತಾಳೆ. ಅತ್ತರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಬೇಲಿ ಮುರಿದರೆ ಕಟ್ಟಬಹುದು, ಹುಲ್ಲು ಸತ್ತರೆ ನೆಡಬಹುದು, ತಂಗಿ ಅತ್ತರೆ? ಹೆದರಿಕೆ, ಮತ್ತೇನೂ ಅಲ್ಲ. ಇಡೀ ಬೀದಿಯನ್ನು ನಡುಗಿಸುವವಳು ತಂಗಿಯ ಕಣ್ಣೀರಿಗೆ ಹೆದರಿದಳು.

ಅದರ ಬದಲಿಗೆ ಒಂದು ಅಭ್ಯಾಸ ಹಚ್ಚಿಕೊಂಡಳು. ಬೆಳಿಗ್ಗೆ ದಡದ ಸುತ್ತು ಮುಗಿಸಿ ಬರುವಾಗ, ತಂಗಿಯ ಮನೆಯ ನೇರಕ್ಕೆ ದಿಬ್ಬ ಹತ್ತಿ ನೆತ್ತಿಯ ಮೇಲೆ ನಿಲ್ಲುವುದು. ಕಿಟಕಿಯ ಪರದೆ ಸರಿದಿದೆಯೇ, ಯಂತ್ರದ ಮೇಲೆ ಬಗ್ಗಿದ ತಲೆ ಕಾಣುತ್ತದೆಯೇ ನೋಡುವುದು. ಕಂಡರೆ "ಸರಿ, ಇದ್ದಾಳೆ" ಎಂದುಕೊಂಡು ಈಚೆ ಇಳಿದು ಸಾಮಾನಿನ ಕೊಟ್ಟಿಗೆಗೆ ಹೋಗುವುದು. ಯಾರಾದರೂ ಕೇಳಿದರೆ, "ಅಲ್ಲಿಂದ ದಿಬ್ಬ ಎರಡೂ ಕಡೆ ಕಾಣುತ್ತೆ ಕಣ್ರೀ, ತಪಾಸಣೆ" ಎನ್ನುತ್ತಿದ್ದಳು. ಮಳೆಯಿರಲಿ, ಚಳಿಯಿರಲಿ, ಈ ತಪಾಸಣೆ ಒಂದು ದಿನವೂ ತಪ್ಪಿದ್ದಿಲ್ಲ.

ಹೀಗಿರುವಾಗ ಒಂದು ಹುಣ್ಣಿಮೆಯ ಭರತದ ದಿನ, ಗಾಳಿಯೂ ಇಲ್ಲ ಗಲಾಟೆಯೂ ಇಲ್ಲ, ಸಮುದ್ರದ ನೀರು ನಾಲಿಗೆ ಚಾಚಿದ ಹಾಗೆ ದಿಬ್ಬ ದಾಟಿ ಬಂದು ತಂಗಿಯ ಹಿತ್ತಿಲ ಮೆಟ್ಟಿಲು ನೆಕ್ಕಿ ಹೋಯಿತು. ಬಾಗಿಲ ಬಳಿ ಇಟ್ಟಿದ್ದ ಬಟ್ಟೆಚೂರುಗಳ ಗಂಟು ತೊಯ್ದು ತೊಪ್ಪೆಯಾಯಿತು. ದಿಬ್ಬದಕ್ಕ ಹೋಗಿ ನೋಡಿದರೆ ಮನೆಯ ನೇರಕ್ಕೇ ಒಂದು ಗಾಳಿಬಾಯಿ! ನೆತ್ತಿ ತಗ್ಗಿದೆ, ಹುಲ್ಲು ಸತ್ತಿದೆ, ಎರಡೂ ಮಗ್ಗುಲಲ್ಲಿ ಬೇರುಗಳು ಹರಿದ ಸೆರಗಿನ ಎಳೆಗಳಂತೆ ಜೋಲುತ್ತಿವೆ. ಇಷ್ಟು ದಿನ ಅದರ ಮೇಲೇ ನಿಂತು ಕಿಟಕಿ ನೋಡುತ್ತಿದ್ದವಳು ಕಾಲ ಕೆಳಗೆ ನೋಡಿಯೇ ಇರಲಿಲ್ಲ.

ಜಾಣರಾದ ನಿಮಗೆ ಈಗಾಗಲೇ ಅರ್ಥವಾಗಿರಬೇಕು. ಅವಳಿಗೆ ಆಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಕರಾವಳಿ ಕಚೇರಿಯ ಇಂಜಿನಿಯರಮ್ಮ ಅಳತೆಪಟ್ಟಿ ಹಿಡಿದು ಬಂದಳು. ವಯಸ್ಸಿನಲ್ಲಿ ಚಿಕ್ಕವಳು, ಮಾತು ಮೃದು, ದಿಬ್ಬದಕ್ಕನ ಮುಂದೆ ಇನ್ನೂ ಮೃದು. ಬಾಯಿಯ ಅಗಲ ನೋಡಿದಳು, ಆಳ ನೋಡಿದಳು. ಆಮೇಲೆ ದಿಬ್ಬದಕ್ಕನ ಚಪ್ಪಲಿಗಳನ್ನೂ ಒಂದು ಗಳಿಗೆ ನೋಡಿದಳು.

"ಅಕ್ಕಾ, ಇದು... ಯಾರೋ ಒಬ್ರೇ ದಿನಾ ಒಂದೇ ಜಾಗದಲ್ಲಿ ಹತ್ತಿ ಇಳಿದ ಹಾಗಿದೆ."

"ಅದು ನನಗೂ ಕಾಣ್ತಿದೆ. ಯಾರು ಅಂತ ಹೇಳು, ಕಾಲು ಮುರೀತೀನಿ."

ಇಂಜಿನಿಯರಮ್ಮ ಬಾಯಿ ತೆರೆದಳು, ಮುಚ್ಚಿದಳು. ಅವಳಿಗೂ ಗೊತ್ತಾಗಿತ್ತು, ಬೀದಿಗೂ ಗೊತ್ತಿತ್ತು; ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಹೇಳಬೇಕಾದ ಇನ್ನೊಂದು ಮಾತು ಹೇಳಿದಳು: "ದೊಡ್ಡ ಗಾಳಿ ಶುರುವಾಗೋದ್ರೊಳಗೆ ಇದು ಮುಚ್ಚಬೇಕು. ತುಂಬಿಸೋಕೆ ಮರಳು ಕಳಿಸ್ತೀನಿ. ಆದ್ರೆ ತುಳಿತ ನಿಲ್ಲದೆ ಎಷ್ಟು ಸುರಿದ್ರೂ ಅಷ್ಟೇ, ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ನಿಲ್ಲಲಿಲ್ಲ ಅಂದ್ರೆ ಈ ಮನೆ ಖಾಲಿ ಮಾಡಿಸ್ಬೇಕಾಗುತ್ತೆ, ಅಕ್ಕಾ. ಬೇರೆ ದಾರಿ ಇಲ್ಲ."

ಖಾಲಿ ಮಾಡಿದರೆ ತಂಗಿ ಹೋಗುವುದೆಲ್ಲಿಗೆ? ಒಳನಾಡಿನಲ್ಲಿ, ಒಂದು ಹಗಲಿನ ದಾರಿ ದೂರದಲ್ಲಿ ಗಂಡನ ಅಣ್ಣನ ಮನೆ. ಅಲ್ಲಿ ಅವಳಿಗೊಂದು ಕೋಣೆ ಸಿಗಬಹುದು. ದಿಬ್ಬದಕ್ಕನಿಗೆ ಅನ್ನ ಸೇರಲಿಲ್ಲ. ಇರುವ ಒಬ್ಬ ತಂಗಿಯನ್ನು ಯಾರದೋ ಪುಂಡ ಕಾಲು ಊರು ಬಿಡಿಸುವುದೇ? ಅವಳು ಆ ಸಂಜೆಯೇ ಕುಂಟೆ ಹೊತ್ತು ಗಾಳಿಬಾಯಿಗೆ ಹೋಗಿ ಮರಳನ್ನು ಕನ್ನಡಿಯ ಹಾಗೆ ಎಳೆದಿಟ್ಟು ಬಂದಳು.

ಬೆಳಿಗ್ಗೆ ಹೋದಳು. ನೆತ್ತಿಯ ಮೇಲೆ ನಿಂತು ಅಭ್ಯಾಸದಂತೆ ಮೊದಲು ಕಿಟಕಿ ನೋಡಿದಳು. ಆಮೇಲೆ ಮರಳು ಓದಿದಳು. ಒಂದು ಏಡಿ ಅಡ್ಡ ಹೋಗಿತ್ತು. ಮನುಷ್ಯರದು ಒಂದೂ ಇಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

ಮನೆಯಲ್ಲಿ ದಿಬ್ಬದಕ್ಕನ ಗಂಡ ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತಿದ್ದ. ದೋಣಿಗಳ ಇಂಜಿನ್ ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. ಯಾವುದು ಕೆಟ್ಟಿದೆ ಎಂದು ಸದ್ದಿನಲ್ಲೇ ತಿಳಿಯುವವನು.

"ಒಂದೂ ಹೆಜ್ಜೆ ಇಲ್ವಾ?" ಎಂದ.

"ಒಂದೂ ಇಲ್ಲ."

"ನಿನ್ನದು?"

"ನನ್ನದು ಲೆಕ್ಕಕ್ಕಾ? ನಾನು ಕೆಲಸದ ಮೇಲೆ ಹೋಗಿದ್ದು."

ಗಂಡ ಒಂದು ಸ್ಕ್ರೂವನ್ನು ಬೆಳಕಿಗೆ ಹಿಡಿದು ನೋಡಿದ. "ಅದು ಮರಳಿಗೆ ಗೊತ್ತಾ?"

"ಏನಂದ್ರಿ?"

"ಏನಿಲ್ಲ. ಈ ಸ್ಕ್ರೂ ಸವೆದಿದೆ ಅಂದೆ." ಅವನಿಗೆ ಅಂದಿನ ಊಟ ನೆಮ್ಮದಿಯಿಂದ ಆಗಬೇಕಿತ್ತು.

ದಿಬ್ಬದಕ್ಕ ಯೋಚಿಸಿದಳು. ಬಾಯಿ ದಿನದಿನಕ್ಕೂ ಅಗಲವಾಗುತ್ತಿದೆ, ಹೆಜ್ಜೆ ಮಾತ್ರ ಇಲ್ಲ. ಅಂದರೆ ಕಳ್ಳ ಹೆಜ್ಜೆ ಅಳಿಸಿ ಹೋಗುತ್ತಿದ್ದಾನೆ. ಅಲ್ಲ, ಹೋಗುತ್ತಿದ್ದಾಳೆ! ಹಿತ್ತಿಲ ಬಾಗಿಲು ಯಾರದು ದಿಬ್ಬಕ್ಕೆ ತೆರೆದುಕೊಳ್ಳುತ್ತದೆ? ಪೊರಕೆ ಯಾರ ಕೈಗೆ ಹತ್ತಿರ? ಸಮುದ್ರ ಕಾಣಲ್ಲ, ಕಾಣಲ್ಲ ಅಂತ ಬಂದವರೆದುರೆಲ್ಲ ಹಾಡಿಕೊಂಡು ಬಂದವಳು ಯಾರು? ಒಂದಕ್ಕೊಂದು ಕೂಡಿಸಿದ ಮೇಲೆ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಕಬ್ಬಿಣ ಕಾಯಿಸಿಕೊಂಡು ಹೊರಟಳು.

ತಂಗಿ ಬ್ರೆಡ್ಡಿನಂಗಡಿಯವನ ಹೆಂಡತಿಗೆ ಹೊಸ ರವಿಕೆಯನ್ನು ಮೈಮೇಲೆ ಇಟ್ಟು ಅಳತೆ ನೋಡುತ್ತಿದ್ದಳು. ಆ ಹೆಂಗಸಿನ ತೋಳು ಎತ್ತಿದ ಹಾಗೇ ಇತ್ತು, ಬಗಲಿನಿಂದ ಸೊಂಟದವರೆಗೆ ಗುಂಡುಸೂಜಿಗಳ ಸಾಲು. ಯಂತ್ರದ ಮೇಲೆ ನೀಲಿ ದಾರದ ಉಂಡೆ, ಮೇಜಿನ ಮೇಲೆ ಬಳಪದ ಚೂರು, ಗುಂಡಿಗಳ ಡಬ್ಬಿ, ಅರ್ಧ ಹೊಲಿದ ಶಾಲೆಯ ಅಂಗಿಗಳ ರಾಶಿ.

"ಪೊರಕೆ ಎಲ್ಲಿಟ್ಟಿದ್ದೀಯ?" ಎಂದು ದಿಬ್ಬದಕ್ಕ ಹೊಸ್ತಿಲಲ್ಲೇ ಕೇಳಿದಳು.

"ಯಾಕೆ, ಗುಡಿಸಿಕೊಡ್ತೀಯಾ? ಮೂಲೇಲಿದೆ, ತಗೋ."

"ಅದರಲ್ಲಿ ಮನೆ ಗುಡಿಸ್ತೀಯೋ ದಿಬ್ಬ ಗುಡಿಸ್ತೀಯೋ?"

ಬ್ರೆಡ್ಡಿನಂಗಡಿಯವನ ಹೆಂಡತಿ, "ನಾನು ಆಮೇಲೆ ಬರ್ಲಾ?" ಎಂದಳು. ಅಲುಗಿದರೆ ಸೂಜಿ ಚುಚ್ಚುತ್ತಿತ್ತು. ಪಾಪ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತೇ ಇದ್ದಳು.

"ದಿಬ್ಬ ಹತ್ತೋದು, ಸಮುದ್ರ ನೋಡೋದು, ಇಳಿಯುವಾಗ ಹೆಜ್ಜೆ ಗುಡಿಸೋದು. ನಾನೇನು ಕಣ್ಣಿಗೆ ಬಟ್ಟೆ ಕಟ್ಕೊಂಡಿದೀನಿ ಅಂದ್ಕೊಂಡ್ಯಾ? ನಿನ್ನ ಮನೇನೇ ಹೋಗುತ್ತಲ್ಲೇ ತಾಯಿ, ನಿನ್ನ ಮನೆ! ಹೇಳು, ನೀನೇ ತಾನೆ ತುಳಿದಿದ್ದು?"

ತಂಗಿ ಬಾಯಲ್ಲಿ ಕಚ್ಚಿದ್ದ ಸೂಜಿಗಳನ್ನು ಒಂದೊಂದೇ ತೆಗೆದು ದಿಂಬಿಗೆ ಚುಚ್ಚಿದಳು. ಅಕ್ಕನನ್ನು ನೋಡಿದಳು. ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. ಕಿಟಕಿಯಾಚೆ ದಿಬ್ಬದ ಕಡೆಗೊಮ್ಮೆ ನೋಡಿದಳು. ಏನೋ ಹೇಳಹೊರಟು ನಿಂತಳು.

"ಹೂಂ. ನಾನೇ ಅಂದ್ಕೋ."

"ಅಂದ್ಕೋ ಏನು? ಹೌದೋ ಅಲ್ವೋ?"

"ಹೌದು ಮಾರಾಯ್ತಿ, ನಾನೇ. ಸಮಾಧಾನ ಆಯ್ತಾ?"

ಒಪ್ಪಿಕೊಂಡರೆ ಕೋಪ ಇಳಿಯಬೇಕಿತ್ತು, ಏರಿತು. "ನಾಚಿಕೆ ಆಗಲ್ವಾ? ನಿನ್ನ ಗಂಡ ಕಷ್ಟಪಟ್ಟು ಮಾಡಿದ ಮನೆ ಇದು. ಅವನಿದ್ದಿದ್ರೆ ಹೀಗೆ ನೀರಿಗೆ ಬಿಡ್ತಿದ್ನಾ?"

ತಂಗಿಯ ಮುಖದ ನಗು ಅಳಿಸಿಹೋಯಿತು. "ಅವರು ಹೋದ ಮೇಲೆ ನೀನು ಅವರ ಮಾತೆತ್ತಿದ್ದು ಇವತ್ತೇ ಮೊದಲು, ಅಕ್ಕಾ. ಅದೂ ಬಯ್ಯೋಕೆ" ಎಂದಳು. ಮತ್ತೆ ಸೂಜಿ ಬಾಯಿಗಿಟ್ಟುಕೊಂಡು ಆ ಹೆಂಗಸಿನ ತೋಳಿನ ಕಡೆ ತಿರುಗಿದಳು.

ದಿಬ್ಬದಕ್ಕ ಮನೆಗೆ ಬಂದಳು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಅವನ ಹೆಸರನ್ನು ಹಾಗೆ ಎಳೆಯಬಾರದಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಅಳಬೇಕು ಅನ್ನಿಸಿತು, ಅಭ್ಯಾಸವಿರಲಿಲ್ಲ, ಹಾಗಾಗಿ ಗಂಡನ ರೇಡಿಯೊ ಮೇಜಿನಿಂದ ತೆಗೆಯಿರಿ ಎಂದು ಕೂಗಾಡಿದಳು. ಅಕ್ಕತಂಗಿಯರ ಮಾತು ನಿಂತಿತು. ಬೀದಿಯಲ್ಲಿ ಎದುರಾದರೆ ಒಬ್ಬಳು ಅಂಗಡಿ ನೋಡಿದರೆ ಇನ್ನೊಬ್ಬಳು ಆಕಾಶ ನೋಡುತ್ತಿದ್ದಳು.

ಮಾತು ಬಿಟ್ಟಿದ್ದಳೇ ಹೊರತು ದಿಬ್ಬದಕ್ಕ ತಪಾಸಣೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಹತ್ತುವುದು, ಪರದೆ ಸರಿದದ್ದು ನೋಡುವುದು, "ಇದ್ದಾಳೆ, ಗೂಬೆ" ಎಂದು ಬೈದುಕೊಂಡು ಇಳಿಯುವುದು ನಡೆದೇ ಇತ್ತು. ಇಂಜಿನಿಯರಮ್ಮ ಕಳಿಸಿದ ಮರಳು ದಿಬ್ಬದ ಕೆಳಗೆ ರಾಶಿ ಬಿದ್ದಿತ್ತು. ಕಳ್ಳಿ ಒಪ್ಪಿಕೊಂಡಾಯಿತಲ್ಲ, ಇನ್ನು ಸುರಿಯಲು ಹೇಳಬೇಕು ಎಂದು ಯೋಚಿಸುತ್ತಾ ಒಂದು ಮುಂಜಾನೆ ಅವಳು ಕಿಟಕಿ ನೋಡಿಯಾದ ಮೇಲೆ ಇಳಿಯಲು ಗಾಳಿಬಾಯಿಯ ಅಂಚಿನ ಮೇಲೆ ಕಾಲಿಟ್ಟಳು. ಅಂಚು ಕುಸಿಯಿತು. ದಿಬ್ಬದಕ್ಕ ಮರಳಿನ ಜೊತೆಯಲ್ಲೇ ಜರ್ರನೆ ಜಾರಿ, ತಳದಲ್ಲಿ ಕಾಲು ಮಡಚಿ ಕೂತಳು. ಪಾದದ ಗಂಟು ಉಳುಕಿತ್ತು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೋಲೂರಿ ಕುಂಟುತ್ತಾ ಮನೆ ಸೇರಿದಳು. ಗಂಡ ಬಿಸಿ ಉಪ್ಪುನೀರಿನ ಬಕೆಟ್ಟಿನಲ್ಲಿ ಕಾಲಿಡಿಸಿ, ಬಟ್ಟೆ ಸುತ್ತಿ, "ಮಂಚ ಬಿಟ್ಟು ಇಳಿದ್ರೆ ನೋಡು" ಎಂದ. ಜೀವಮಾನದಲ್ಲೊಮ್ಮೆ ಆಜ್ಞೆ ಮಾಡುವ ಅವಕಾಶ ಸಿಕ್ಕಿದ ಖುಷಿ ಅವನ ಮುಖದಲ್ಲಿ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಅವಳು ಮಂಚದ ಮೇಲೆ ಗೋಡೆಗೊರಗಿ ಕೂತು, ಅಡುಗೆಮನೆಯಲ್ಲಿ ಗಂಡ ಬೀಳಿಸುತ್ತಿದ್ದ ಪಾತ್ರೆಗಳನ್ನು ಸದ್ದಿನಿಂದಲೇ ಗುರುತಿಸಿ ಬೈಯುತ್ತಿದ್ದಳು. ಆಗ ಬೀದಿಬಾಗಿಲು ಧಡಾರನೆ ತೆರೆಯಿತು. ಒಳಗೆ ನುಗ್ಗಿದವಳು ತಂಗಿ. ಕೊರಳಲ್ಲಿ ಅಳತೆಪಟ್ಟಿ, ಬೆರಳಲ್ಲಿ ಸೂಜಿ ಚುಚ್ಚದಂತೆ ತೊಟ್ಟು ಇನ್ನೂ ತೆಗೆಯದ ಅಂಗುಸ್ತಾನ, ಕೆದರಿದ ಕೂದಲು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ತೀರಿಕೊಂಡ ಗಂಡನ ದೊಡ್ಡ ಚಪ್ಪಲಿ. ಬಾಗಿಲಲ್ಲಿ ಕೈಗೆ, ಅಲ್ಲಲ್ಲ, ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿ ಬಂದಿದ್ದಳು.

"ಏನಾಯ್ತು ನಿನಗೆ?" ಎಂದಳು, ಉಸಿರು ಸಿಗದೆ.

"ಕಾಲು ಉಳುಕಿದೆ. ನಿನಗೇನಾಯ್ತು?"

"ತಲೆ ಕಾಣ್ಲಿಲ್ಲ!"

"ಯಾವ ತಲೆ?"

"ನಿನ್ನ ತಲೆ! ದಿನಾ ಬೆಳಿಗ್ಗೆ ದಿಬ್ಬದ ಮೇಲೆ ಹುಟ್ಟುತ್ತಲ್ಲ, ಆ ತಲೆ! ಕಾದೆ, ಕಾದೆ, ಬರ್ಲೇ ಇಲ್ಲ. ಜೀವ ಬಾಯಿಗೆ ಬಂತು." ಅಷ್ಟು ಹೇಳಿ ತಂಗಿ ಮಂಚದ ತುದಿಯಲ್ಲಿ ಕುಸಿದು ಕೂತಳು.

ಅಷ್ಟು ವರ್ಷ ದಿಬ್ಬದಕ್ಕ ಕದ್ದು ನೋಡುತ್ತಿದ್ದೇನೆ ಎಂದುಕೊಂಡಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಗಿತ್ತು.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ನೀನು ಬರೋ ಹೊತ್ತಿಗೆ ಅಂತಾನೇ ಪರದೆ ಸರಿಸ್ತಿದ್ದೆ. ಎಷ್ಟೋ ದಿನ ಏಳೋಕೇ ಮನಸ್ಸಿರ್ತಿರ್ಲಿಲ್ಲ. ಅಕ್ಕ ಬಂದು ನಿಲ್ತಾಳೆ, ನಾನು ಕಾಣದಿದ್ರೆ ಹೆದರ್ತಾಳೆ ಅಂತ ಎದ್ದು ಯಂತ್ರದ ಮುಂದೆ ಕೂರ್ತಿದ್ದೆ. ಕೂತ ಮೇಲೆ ಹೇಗೋ ದಿನ ಹೋಗ್ತಿತ್ತು."

ದಿಬ್ಬದಕ್ಕ ತನ್ನ ಬಟ್ಟೆ ಸುತ್ತಿದ ಕಾಲನ್ನು ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು: ಒಂದೇ ಜಾಗ, ದಿನಾ ಬೆಳಿಗ್ಗೆ, ಹತ್ತುವುದು, ನಿಲ್ಲುವುದು, ಇಳಿಯುವುದು. ಕಿವಿ ಬಿಸಿಯಾಯಿತು. ಊರಿನ ಕಾಲುಗಳನ್ನೆಲ್ಲ ಓದಿದವಳು ತನ್ನ ಕಾಲನ್ನು ಕಾಲೆಂದೇ ಎಣಿಸಿರಲಿಲ್ಲ.

"ಹಾಗಾದ್ರೆ ಆ ಗಾಳಿಬಾಯಿ..."

"ಹೂಂ."

"ನಾನೇ..."

"ಹೂಂ, ನೀನೇ."

"ಬೇಲಿನೇ ಎದ್ದು ಹೊಲ ಮೇಯ್ತು" ಎಂದು ಅಡುಗೆಮನೆಯಿಂದ ಗಂಡನ ದನಿ ಬಂತು. ಆ ಕ್ಷಣದಲ್ಲಿ ಅವನಿಗೆ ಉತ್ತರ ಕೊಡಲು ದಿಬ್ಬದಕ್ಕನಲ್ಲಿ ಶಕ್ತಿ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ಯಾಕೆ ಹೇಳ್ಲಿಲ್ಲೇ? ನಿನ್ನ ಮೇಲೇ ಅಪವಾದ ಹೊತ್ಕೊಂಡ್ಯಲ್ಲ! ಮನೆ ಹೋಗ್ತಿತ್ತಲ್ಲೇ!"

ತಂಗಿ ಬೆರಳಿನ ಅಂಗುಸ್ತಾನವನ್ನು ತಿರುಗಿಸುತ್ತಾ ಕೂತಳು. "ಹೇಳಿದ್ರೆ ನೀನು ಹತ್ತೋದು ನಿಲ್ಲಿಸ್ತಿದ್ದೆ. ದಿಬ್ಬದ ವಿಷಯ ಅಂದ್ರೆ ನೀನು ಹೆತ್ತವ್ವನ್ನೂ ಬಿಡೋಳಲ್ಲ. ಮನೆ ಹೋದ್ರೆ ಇನ್ನೊಂದು ಕೋಣೆ ಸಿಗುತ್ತೆ, ಅಕ್ಕಾ. ಬೆಳಿಗ್ಗೆ ಎದ್ದ ಕೂಡ್ಲೇ ನನಗಾಗಿ ಬಂದು ನಿಲ್ಲೋ ಒಂದು ತಲೆ ಎಲ್ಲಿ ಸಿಗುತ್ತೆ?"

ದಿಬ್ಬದಕ್ಕನ ಬಾಯಿಂದ ಕೊನೆಗೆ ಬಂದದ್ದು, "ಹೋಗುವಾಗ ಸರಿಯಾದ ಚಪ್ಪಲಿ ಹಾಕ್ಕೊಂಡು ಹೋಗು. ನನ್ನದೇ ತಗೋ" ಎಂಬ ಮಾತು ಮಾತ್ರ. ತಂಗಿ ಆಗಷ್ಟೇ ತನ್ನ ಕಾಲುಗಳನ್ನು ನೋಡಿಕೊಂಡು, ನಗಲು ಹೋಗಿ ಕಣ್ಣೊರೆಸಿಕೊಂಡಳು.

ಆಮೇಲಿನ ಕೆಲಸವೆಲ್ಲ ಬೀದಿಯದು. ಇಂಜಿನಿಯರಮ್ಮ ಆಳುಗಳನ್ನು ಕರೆತಂದಳು. ಗಾಳಿಬಾಯಿಗೆ ಮರಳು ತುಂಬಿಸಿ, ಗಾಳಿಗೆ ಅಡ್ಡಲಾಗಿ ಕಡ್ಡಿಬೇಲಿಗಳನ್ನು ಒಂದರ ಹಿಂದೊಂದು ನೆಟ್ಟರು. ಎಳೆಮರಳು ಹಾರಿಹೋಗದಂತೆ ಹಾಸಲು ಹಳೆಯ ಗೋಣಿಚೀಲಗಳನ್ನು ಬಿಚ್ಚಿ ತಂಗಿ ಉದ್ದನೆಯ ಚಾಪೆಗಳಾಗಿ ಹೊಲಿದು ಕೊಟ್ಟಳು; ಅವುಗಳ ಎಳೆಗಳ ಸಂದಿಯಲ್ಲಿ ಹುಲ್ಲಿನ ಬುಡಗಳನ್ನು ಊರಿದರು. ದಿಬ್ಬದಕ್ಕ ಹಲಗೆದಾರಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟು, ಅಲ್ಲಿಂದಲೇ ಎಲ್ಲರನ್ನೂ ಬೈದು ದುಡಿಸಿದಳು. ಅಪರಾಧಿ ತಾನೇ ಎಂದು ಊರೆಲ್ಲ ತಿಳಿದ ಮೇಲೂ ಅವಳ ದನಿ ಒಂದು ಎಳೆಯೂ ತಗ್ಗಲಿಲ್ಲ. ಬ್ರೆಡ್ಡಿನಂಗಡಿಯವನು ಮಾತ್ರ ಬುಟ್ಟಿ ಹೊತ್ತು ಹೋಗುವಾಗ ಧೈರ್ಯ ಮಾಡಿ, "ಅಕ್ಕಾ, ಆ ಕಾಲು ಮುರೀತೀನಿ ಅಂದಿದ್ರಂತಲ್ಲ, ಅರ್ಧ ಆಯ್ತು ನೋಡಿ" ಎಂದ. ಇಡೀ ಬೀದಿ ನಕ್ಕಿತು. ಅವಳೂ ನಕ್ಕುಬಿಟ್ಟಳು.

"ಇನ್ನು ಮೇಲೆ ನಿಮ್ಮ ತಪಾಸಣೆ..." ಎಂದು ಇಂಜಿನಿಯರಮ್ಮ ಅಳುಕುತ್ತಲೇ ಶುರು ಮಾಡಿದಳು.

"ಹಲಗೆ ಮೇಲಿಂದಾನೇ ಮಾಡ್ತೀನಿ ಬಿಡಮ್ಮ. ದೊಡ್ಡ ಗಾಳಿ ಕಳೆಯೋವರೆಗೆ ಅವಳ ಮನೆ ವಿಷಯ ಎತ್ತಬೇಡ, ಅಷ್ಟು ಸಾಕು."

"ಎತ್ತಲ್ಲ. ಇದು ನಿಂತ್ರೆ ಮನೆಯೂ ನಿಂತ ಹಾಗೇ."

ಕಾಲು ವಾಸಿಯಾಗುವವರೆಗೆ ತಂಗಿ ಸಂಜೆ ಹೊತ್ತು ಬಂದು ಹೋಗುತ್ತಿದ್ದಳು. ಗೋಣಿಯ ಮಾತು, ದಾರದ ಮಾತು, ಮಳೆಯ ಮಾತು ಎಲ್ಲ ಆಯಿತು. ಕೇಳಬೇಕಾದ ಮಾತು ಹಾಗೇ ಉಳಿಯಿತು. ದಿಬ್ಬದಕ್ಕ ದಿನವೂ ಬಾಯಿ ತೆರೆಯುವಳು, ಅದೇ ಹಳೆಯ ಹೆದರಿಕೆ ಬಂದು "ಆ ಗಂಜಿ ಬಟ್ಟೆ ಒಗೆದ್ಯಾ?" ಎಂದು ಇನ್ನೇನನ್ನೋ ಕೇಳುವಳು.

ದೊಡ್ಡ ಗಾಳಿ ಬಂತು. ಆ ರಾತ್ರಿಯೆಲ್ಲ ಕಿಟಕಿಗಳು ಬಡಿದುಕೊಂಡವು, ಸಮುದ್ರ ಹುಚ್ಚು ಹಿಡಿದಂತೆ ಮೊರೆಯಿತು. ಬೆಳಕು ಹರಿಯುವುದೇ ತಡ, ದಿಬ್ಬದಕ್ಕ ಕೋಲು ಹಿಡಿದು ಹೊರಟಳು. ಹಲಗೆದಾರಿಯ ತುದಿಯಿಂದ ನೋಡಿದಳು. ಸಮುದ್ರ ಬಂದಿತ್ತು, ದಿಬ್ಬದ ಬುಡವನ್ನು ಚಾಕುವಿನಲ್ಲಿ ಕೊಯ್ದ ಹಾಗೆ ಕಚ್ಚಿ ತನ್ನ ಪಾಲು ಒಯ್ದಿತ್ತು. ಹೊಸ ಬೇಲಿಗಳ ಮೊದಲ ಸಾಲು ಮಾಯವಾಗಿತ್ತು. ಎರಡನೆಯ ಸಾಲು ಮರಳಿನಲ್ಲಿ ಸೊಂಟದವರೆಗೆ ಹೂತು ನಿಂತಿತ್ತು. ಬಾಯಿ ಮುಚ್ಚಿಯೇ ಇತ್ತು. ಒಂದು ಹನಿಯೂ ಈಚೆಗೆ ದಾಟಿರಲಿಲ್ಲ.

ಅವಳ ಕಾಲು ತಾನಾಗಿ ತಂಗಿಯ ಮನೆಯ ನೇರಕ್ಕೆ ದಿಬ್ಬದ ಕಡೆ ತಿರುಗಿತು. ಅಲ್ಲಿ ತನ್ನದೇ ಕೈಬರಹದ ಹೊಸ ಫಲಕ ಎದುರಾಯಿತು. "ಥೂ" ಎಂದು ತನ್ನನ್ನೇ ಬೈದುಕೊಂಡು, ಬೀದಿ ಬಳಸಿ ಹೋಗಿ ಮುಂಬಾಗಿಲು ತಟ್ಟಿದಳು.

ತಂಗಿ ಬಾಗಿಲು ತೆರೆದಳು. "ನೀರು ಬರ್ಲಿಲ್ಲ, ಅಕ್ಕಾ. ಮೆಟ್ಟಿಲು ಒಣಗಿದೆ."

"ಗೊತ್ತು, ನೋಡ್ಕೊಂಡು ಬಂದೆ."

ಅಲ್ಲಿಗೆ ಕೆಲಸ ಮುಗಿಯಿತು. ದಿಬ್ಬದ ಮೇಲಾಗಿದ್ದರೆ "ಸರಿ, ಇದ್ದಾಳೆ" ಎಂದುಕೊಂಡು ಈಚೆ ಇಳಿಯಬಹುದಿತ್ತು. ಇಲ್ಲಿ ತಂಗಿ ಕೈಗೆಟುಕುವಷ್ಟು ಹತ್ತಿರ ನಿಂತಿದ್ದಳು. ಕಿವಿಯ ಬಳಿ ಕೂದಲು ಪೂರ್ತಿ ನೆರೆತಿತ್ತು. ಕಣ್ಣ ಕೆಳಗೆ ಕಪ್ಪು ಇತ್ತು, ಅದು ಒಂದು ರಾತ್ರಿಯ ನಿದ್ದೆಗೆಟ್ಟ ಕಪ್ಪಲ್ಲ. ಮುಖ ಎಷ್ಟು ಇಳಿದುಹೋಗಿದೆ! ದಿಬ್ಬದ ಮೇಲಿಂದ ಇದೊಂದೂ ಕಂಡಿರಲಿಲ್ಲ; ಸಂಜೆಯ ಮಾತುಗಳ ನಡುವೆ ಅವಳು ದಿಟ್ಟಿಸಿ ನೋಡಿರಲೂ ಇಲ್ಲ. ಅಷ್ಟು ವರ್ಷ ದಿನಾ ನೋಡಿಯೂ ತಂಗಿಯನ್ನು ನೋಡಿರಲಿಲ್ಲ ಎಂದು ದಿಬ್ಬದಕ್ಕನಿಗೆ ಆಗ ತಿಳಿಯಿತು.

ಅಳಲಿ, ಅತ್ತರೆ ಅಳಲಿ ಎಂದುಕೊಂಡಳು. ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅವನು ಹೋದ ಮೇಲೆ... ಹೇಗಿದ್ದೀಯೇ ನೀನು?"

ತಂಗಿ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.

"ಒಳಗೆ ಬಾ, ಅಕ್ಕಾ. ಹೇಳೋಕೆ ತುಂಬಾ ಹೊತ್ತು ಹಿಡಿಯುತ್ತೆ."